ಪಗಾರದ ಬಿಲ್ಲು, ಖಾಲಿ ಕುರ್ಚಿ: ಸರ್ಕಾರ ದೊಡ್ಡದಾಗೈತೋ, ಸಣ್ಣದಾಗೈತೋ?

ಕೃಷ್ಣಾತೀರ (ಅಥಣಿ)

ಬೆಳಗಾವಿ ಒಡದು ಚಿಕ್ಕೋಡಿ, ಗೋಕಾಕ ಜಿಲ್ಲಾ ಮಾಡ್ರಿ ಅನ್ನೋ ಕೂಗು ಸುವರ್ಣ ವಿಧಾನಸೌಧದಾಗ ಅಧಿವೇಶನ ಬಂದ ಕೂಡ್ಲೆ ಏಳ್ತೈತಿ. ಜಿಲ್ಲಾ ಬೇಕೋ ಬ್ಯಾಡೋ ಆಮ್ಯಾಲೆ ನೋಡೂಣು, ಮೊದಲ ರೊಕ್ಕದ ಮಾತು ಆಡೂಣು. 2025-26ರ ರಾಜ್ಯ ಬಜೆಟ್ 4,09,549 ಕೋಟಿ. ಅದರಾಗ ಪಗಾರಕ್ಕ 80 ಸಾವಿರ ಕೋಟಿ ಮ್ಯಾಲೆ, ಪೆನ್ಶನ್ನಿಗೆ 30 ಸಾವಿರ ಕೋಟಿ ಮ್ಯಾಲೆ. ಹಳೆ ಸಾಲದ ಬಡ್ಡಿ ಬ್ಯಾರೆ. ಗ್ಯಾರಂಟಿಗೆ 51,034 ಕೋಟಿ ಇಟ್ಟಾರಂತ ಎಲ್ಲಾರೂ ಬಾಯಿ ಬಡಕೋತಾರ. ಪಗಾರ, ಪೆನ್ಶನ್ ಕೂಡಿಸಿದ್ರ ಅದರ ಎರಡು ಪಟ್ಟು ದಾಟತೈತಿ, ಅದಕ್ಕ ಯಾರೂ ತುಟಿ ಬಿಚ್ಚಂಗಿಲ್ಲ. 7ನೇ ವೇತನ ಆಯೋಗ ಒಂದಕ್ಕ ವರ್ಷಕ್ಕ 20,208 ಕೋಟಿ ಹೆಚ್ಚಿಗಿ ಖರ್ಚು ಅಂತ ಸರ್ಕಾರನ ಹೇಳೈತಿ. ಇದರ ಮ್ಯಾಲೆ ಮತ್ತೆರಡು ಡಿಸಿ ಆಫೀಸು, ಎರಡು ಎಸ್ಪಿ ಆಫೀಸು, ಎರಡು ಜಿಲ್ಲಾ ಪಂಚಾಯಿತಿ ಯಾಕ? ಲೆಕ್ಕ ಗೊತ್ತಿದ್ದವರು ಬರೀರಿ. ಭಾಷಣ ಬ್ಯಾಡ.

ಖಜಾನೆ ಕಾರಕೂನ (ಬೆಳಗಾವಿ)

ಬರ್ರಿ, ಲೆಕ್ಕಾನ ಹಚ್ಚೂಣು. "ಸರ್ಕಾರ ದೊಡ್ಡದಾತು" ಅಂಬೋ ಮಾತಿನಾಗ ಎರಡು ಸಂಗತಿ ಕಲಸಿ ಬಿಟ್ಟೀರಿ: ಮಂದಿ ಎಷ್ಟು ಅದಾರ ಅನ್ನೋದೊಂದು, ಒಬ್ಬೊಬ್ಬರಿಗೆ ಎಷ್ಟು ಹೋಗ್ತೈತಿ ಅನ್ನೋದೊಂದು. ರಾಜ್ಯದಾಗ ಮಂಜೂರಾದ ಹುದ್ದೆ ಸುಮಾರು 7.7 ಲಕ್ಷ. ಅದರಾಗ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಅಂದ್ರ ಮೂರು ಕುರ್ಚಿ ಇದ್ರ ಒಂದರಾಗ ಯಾರೂ ಇಲ್ಲ. ಮಂದಿ ಕಡಿಮಿ ಆಗ್ಯಾರ, ಬಿಲ್ಲು ಏರೈತಿ.

ಬಿಲ್ಲು ಹೆಂಗ ಏರ್ತೈತಿ ನೋಡ್ರಿ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗ 2024ರ ಮಾರ್ಚ್‌ನಾಗ ವರದಿ ಕೊಡ್ತು. ಹಳೆ ಮೂಲ ವೇತನಕ್ಕ ಶೇ. 31 ತುಟ್ಟಿಭತ್ಯೆ ವಿಲೀನ ಮಾಡಿ, ಅದರ ಮ್ಯಾಲೆ ಶೇ. 27.5 ಫಿಟ್‌ಮೆಂಟ್ (ಮೂಲ ವೇತನದ ಏರಿಕೆ) ಕೂಡಿಸಿದ್ರು. ಒಟ್ಟು ಶೇ. 58.5. ಹಳೆ ಕನಿಷ್ಠ ಮೂಲ ವೇತನ 17,000 ಇತ್ತು. 17,000 ಗುಣಿಸು 1.585 ಅಂದ್ರ 26,945, ಅದನ್ನ 27,000 ಮಾಡಿದ್ರು. ಗರಿಷ್ಠ 1,50,600 ಇದ್ದದ್ದು 2,41,200 ಆತು. ಲೆಕ್ಕಕ್ಕ 2022ರ ಜುಲೈ 1, ಕೈಗೆ ರೊಕ್ಕ ಬಂದದ್ದು 2024ರ ಆಗಸ್ಟ್ 1ರಿಂದ. ನಡುವಿನ ಎರಡು ವರ್ಷದ ಬಾಕಿ ಕೊಟ್ಟಿಲ್ಲ.

ಆಮ್ಯಾಲೆ ತುಟ್ಟಿಭತ್ಯೆ, ವರ್ಷಕ್ಕ ಎರಡು ಸಲ. ಕೇಂದ್ರ ಶೇ. 1 ಏರಿಸಿದ್ರ ನಮ್ಮಲ್ಲೆ ಶೇ. 0.722. 2022ರ ಜುಲೈನಾಗ ಕೇಂದ್ರದ್ದು ಶೇ. 38 ಇತ್ತು, 2025ರ ಜುಲೈಗೆ 58 ಆತು. ವ್ಯತ್ಯಾಸ 20, ಗುಣಿಸು 0.722 ಅಂದ್ರ 14.44. ಅದನ್ನ ಕಾಲು (0.25) ಲೆಕ್ಕಕ್ಕ ಇಳಿಸಿ 14.25 ಕೊಟ್ಟಾರ. ಇಷ್ಟು ಏರಿಕೆಗೆ ಹೊಸಾ ಸಿಪಾಯಿ ಒಬ್ಬನ್ನೂ ತಗೋಬೇಕಾಗಿಲ್ಲ.

ಎಲ್ಲಾ ಏರಿಲ್ಲ ಅನ್ನೋದೂ ನೆನಪಿಡ್ರಿ. ಮನೆ ಬಾಡಿಗೆ ಭತ್ಯೆ ಊರಿನ ದರ್ಜೆ ಪ್ರಕಾರ ಶೇ. 24, 16, 8 ಇದ್ದದ್ದು 20, 15, 7.5ಕ್ಕ ಇಳದೈತಿ. ಮೂಲ ವೇತನ ದೊಡ್ಡದಾದ್ದರಿಂದ ಕೈಗೆ ಬರೋದು ಕಡಿಮಿ ಆಗಿಲ್ಲ, ಅಷ್ಟ.

ಗುಮ್ಮಟದ ನೆರಳು (ವಿಜಯಪುರ)

ಕಾರಕೂನರೇ, ಖಾಲಿ ಹುದ್ದೆಯ ವಾದವನ್ನು ಅರ್ಧಕ್ಕೆ ನಿಲ್ಲಿಸಿದಿರಿ. ಮಂಜೂರಾದ ಹುದ್ದೆಯೆಲ್ಲ ಬೇಕಾದ ಹುದ್ದೆಯೇ? ಟೈಪಿಸ್ಟ್, ಜಮೇದಾರ್, ದಲಾಯತ್ ಹುದ್ದೆಗಳು ಇನ್ನೂ ಎಷ್ಟೋ ಇಲಾಖೆಗಳ ಪಟ್ಟಿಯಲ್ಲಿ ಉಳಿದಿವೆ. ಪಟ್ಟಿ ಆದದ್ದು ಕಾಗದದ ಕಾಲದಲ್ಲಿ. ಇ-ಆಫೀಸ್ ಬಂದ ಮೇಲೆ ಕಡತವನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಒಯ್ಯುವ ಕೆಲಸವೇ ಇಲ್ಲ. ಟಿ.ಎಂ. ವಿಜಯಭಾಸ್ಕರ್ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ ಇಲಾಖೆಗಳನ್ನು ಕೂಡಿಸಿ, ಹುದ್ದೆಗಳನ್ನು ಮರುಹೊಂದಿಸಿ ಎಂದು ಕಂತು ಕಂತಾಗಿ ವರದಿ ಕೊಟ್ಟಿತು. ಆ ಕೆಲಸ ಮಾಡದೆ ಎರಡೂವರೆ ಲಕ್ಷ ಖಾಲಿ ಎಂದು ಲೆಕ್ಕ ತೋರಿಸಿದರೆ ಅದರಲ್ಲಿ ಜೊಳ್ಳೆಷ್ಟು, ಕಾಳೆಷ್ಟು ಎಂಬುದು ತಿಳಿಯುವುದಿಲ್ಲ.

ಬಾದಾಮಿ ಮಾಸ್ತರ

ಜೊಳ್ಳು ಇರಬಹುದು ಸರ. ಆದ್ರ ಖಾಲಿ ಇರೋ ಹುದ್ದೆದಾಗ ದೊಡ್ಡ ಪಾಲು ಶಾಲೆ, ಪೊಲೀಸ್, ಆರೋಗ್ಯ, ಕಂದಾಯದ್ದು. ದಲಾಯತ್ ಹುದ್ದೆ ಖಾಲಿ ಉಳದ್ರ ಸಾಹೇಬ್ರು ತಮ್ಮ ನೀರು ತಾವ ತಗೋತಾರ. ಗಣಿತದ ಮಾಸ್ತರ ಇಲ್ಲದ ಹೈಸ್ಕೂಲಿನಾಗ ಅದನ್ನ ಯಾರು ಕಲಿಸ್ತಾರ? ಅತಿಥಿ ಶಿಕ್ಷಕರು. ಜೂನ್‌ನಾಗ ಶಾಲೆ ಸುರು, ಅವರ ನೇಮಕದ ಆದೇಶ ಬರೋದು ತಡಾ, ಗೌರವಧನ ಬರೋದು ಮತ್ತೂ ತಡಾ.

ತಲಾಟಿಗಳದ್ದೂ ಅದ ಹಾಡು. ಈಗ ಅವರನ್ನ ಗ್ರಾಮ ಆಡಳಿತ ಅಧಿಕಾರಿ ಅಂತಾರ. ಹೆಸರು ದೊಡ್ಡದಾತು, ಕೆಲಸಾನೂ. ಒಬ್ಬರ ಕೈಯಾಗ ಎರಡು ಮೂರು ವೃತ್ತ, ಮೊಬೈಲ್‌ನಾಗ ಹತ್ತಾರು ಆ್ಯಪ್: ಬೆಳೆ ಸಮೀಕ್ಷೆ, ಆಧಾರ್ ಜೋಡಣೆ, ಸರ್ಕಾರಿ ಜಮೀನಿನ ಬೀಟ್, ಪೌತಿ ಖಾತೆ. 2024ರ ಸೆಪ್ಟೆಂಬರ್‌ನಾಗ ಅವರು ಮುಷ್ಕರ ಹೂಡಿದ್ದು ಪಗಾರಕ್ಕಲ್ಲ, ಈ ಆ್ಯಪ್‌ಗಳ ಹೊರೆಗೆ.

ಟೆಂಡರ್ ಲೆಕ್ಕ (ಬಾಗಲಕೋಟೆ, ನವನಗರ)

ಖಾಲಿ ಕುರ್ಚಿ ಖರೇ ಖಾಲಿ ಇರೂದಿಲ್ರಿ. ಅಲ್ಲೆ ಹೊರಗುತ್ತಿಗೆಯವರು ಕುಂತಿರ್ತಾರ. ಅವರ ರೊಕ್ಕ ಪಗಾರದ ಶೀರ್ಷಿಕೆಯೊಳಗ ಬರೂದಿಲ್ಲ, ಬ್ಯಾರೆ ಲೆಕ್ಕ ಶೀರ್ಷಿಕೆಯೊಳಗ ಹೋಗ್ತೈತಿ. ಅದಕ್ಕ ಸರ್ಕಾರ ಸಣ್ಣದ ಕಾಣ್ತೈತಿ. ಒಂದು ಬಿಲ್ಲು ಬಿಚ್ಚಿ ತೋರಿಸ್ತೀನಿ. ತಿಂಗಳ ಕೂಲಿ 15,000 ಅಂತ ಹಿಡೀರಿ, ಏಜೆನ್ಸಿಯ ಸೇವಾ ಶುಲ್ಕ ಶೇ. 3 ಅಂತ ಹಿಡೀರಿ.

ಕೂಲಿ 15,000. ಮಾಲೀಕನ ಪಾಲಿನ ಪಿಎಫ್, ವಿಮೆ, ಆಡಳಿತ ಶುಲ್ಕ ಸೇರಿ ಶೇ. 13, ಅಂದ್ರ 1,950. ಇಎಸ್‌ಐ ಶೇ. 3.25, ಅಂದ್ರ 487.50. ಇಲ್ಲಿಗೆ 17,437.50. ಸೇವಾ ಶುಲ್ಕ 523. ಆತು 17,960. ಅದರ ಮ್ಯಾಲೆ ಜಿಎಸ್‌ಟಿ ಶೇ. 18, ಅಂದ್ರ 3,233. ಇಲಾಖೆ ಕೊಡೋದು 21,193 ರೂಪಾಯಿ. ಆ ಹುಡುಗನ ಕೈಗೆ? 15,000ದಾಗ ಪಿಎಫ್ 1,800, ಇಎಸ್‌ಐ 113 ಮುರದು 13,087. ನಡುವಿನ 8,106 ರೂಪಾಯಿದಾಗ ಪಿಎಫ್ ಅವನ ಹೆಸರಿಗೆ ಕಟ್ಟಿದ್ರ ಅಷ್ಟು ಅವಂದು. ಕಟ್ಟಿದ್ರ ಅನ್ನೋದ ದೊಡ್ಡ ಮಾತು.

ಅದ ಕುರ್ಚಿಯೊಳಗ ಕಾಯಂ 'ಡಿ' ಗ್ರೂಪ್ ನೌಕರ ಹೊಸದಾಗಿ ಸೇರಿದ್ರ: ಮೂಲ ವೇತನ 27,000, ತುಟ್ಟಿಭತ್ಯೆ 14.25ರಂತೆ 3,847, ತಾಲ್ಲೂಕಿನ ಊರಾಗ ಬಾಡಿಗೆ ಭತ್ಯೆ 7.5ರಂತೆ 2,025, ಎನ್‌ಪಿಎಸ್‌ಗೆ (ನೌಕರ, ಸರ್ಕಾರ ಇಬ್ಬರೂ ರೊಕ್ಕ ಕಟ್ಟೋ ಹೊಸ ಪಿಂಚಣಿ ಯೋಜನೆ) ಸರ್ಕಾರದ ಪಾಲು ಶೇ. 14, ಅಂದ್ರ 4,319. ಒಟ್ಟು ಹೆಚ್ಚೂಕಡಿಮಿ 37,190. ತಿಂಗಳಿಗೆ 16,000 ಉಳೀತು ಅಂತ ಹಣಕಾಸಿನವರು ಬರಕೋತಾರ. ಆದ್ರ ದಾಖಲಾತಿ ಕಳದ್ರ, ತಪ್ಪು ಎಂಟ್ರಿ ಆದ್ರ ಇಲಾಖಾ ವಿಚಾರಣೆ ಯಾರ ಮ್ಯಾಲೆ ಮಾಡ್ತೀರಿ? ಹೊರಗುತ್ತಿಗೆಯವನಿಗೆ ಸೇವಾ ನಿಯಮಾನ ಇಲ್ಲ. ಅದಕ್ಕ ಸಹಿ ಮಾಡೋ ಕೆಲಸ ಕಾಯಂ ಇದ್ದವರ ಮ್ಯಾಲೆ, ಬೆರಳು ಒತ್ತೋ ಕೆಲಸ ಇವನ ಮ್ಯಾಲೆ. ಲಾಗಿನ್ ಒಬ್ಬರದ್ದು, ಕೈ ಇನ್ನೊಬ್ಬರದ್ದು. ಎಲ್ಲಾ ಗೋಲ್‌ಮಾಲ್ ಅಲ್ಲೆ ಹುಟ್ಟತೈತಿ.

ಹೊರಗುತ್ತಿಗೆಯವರು ಯಾರಾದ್ರೂ ಓದಾಕತ್ತಿದ್ರ: ಪ್ರತಿ ತಿಂಗಳು ಯುಎಎನ್ (ಪಿಎಫ್ ನಂಬರ್) ಪಾಸ್‌ಬುಕ್ ತೆಗೆದು ನೋಡ್ರಿ. ಪಗಾರದಾಗ ಮುರದ ತಿಂಗಳಿಗೂ ಜಮಾ ಆದ ತಿಂಗಳಿಗೂ ತಾಳ ಆಗದಿದ್ರ ಪಗಾರ ಚೀಟಿ ಹಚ್ಚಿ ಪಿಎಫ್ ಕಚೇರಿಗೂ, ನಿಮ್ಮ ಇಲಾಖೆಯ ಬಟವಾಡೆ ಅಧಿಕಾರಿಗೂ ಬರೀರಿ. ಹಿಂದಿನ ತಿಂಗಳ ಪಿಎಫ್ ಚಲನ್ ಹಚ್ಚದಿದ್ರ ಏಜೆನ್ಸಿ ಬಿಲ್ಲು ಪಾಸ್ ಮಾಡಬ್ಯಾಡ್ರಿ ಅಂತ ಕೇಳಾಕ ನಿಮಗ ಹಕ್ಕೈತಿ.

ಕೃಷ್ಣಾತೀರ (ಅಥಣಿ)

ಈ ಬಿಲ್ಲು ನನಗ ಗೊತ್ತಿರಲಿಲ್ಲ. ಜಿಎಸ್‌ಟಿ ಸರ್ಕಾರನ ಸರ್ಕಾರಕ್ಕ ಕೊಟ್ಟಂಗ ಆತಲ್ರಿ?

ಟೆಂಡರ್ ಲೆಕ್ಕ (ಬಾಗಲಕೋಟೆ, ನವನಗರ)

ಅರ್ಧ ಹಂಗ. ಅರ್ಧ ಕೇಂದ್ರಕ್ಕ ಹೋಗ್ತೈತಿ.

ಗುಮ್ಮಟದ ನೆರಳು (ವಿಜಯಪುರ)

ಪಿಂಚಣಿಗೆ ಬರೋಣ, ನಿಜವಾದ ಗುಂಡಿ ಅಲ್ಲಿದೆ. 2006ರ ಏಪ್ರಿಲ್ 1ರ ಮೊದಲು ಸೇರಿದವರಿಗೆ ಹಳೆ ಪಿಂಚಣಿ, ನಂತರದವರಿಗೆ ಎನ್‌ಪಿಎಸ್. ಹಳೆ ಪಿಂಚಣಿಗೆ ಯಾವ ನಿಧಿಯೂ ಇಲ್ಲ. ಈ ವರ್ಷದ ತೆರಿಗೆಯಿಂದ ಈ ವರ್ಷದ ಪಿಂಚಣಿ. ಈಗ ಎಲ್ಲರನ್ನೂ ಹಳೆಯದಕ್ಕೆ ಮರಳಿಸಿ ಎಂಬ ಬೇಡಿಕೆ ಯಾಕೆ ರಾಜಕಾರಣಿಗಳಿಗೆ ಸಿಹಿ ಎಂದರೆ, ಮರಳಿಸಿದ ದಿನದಿಂದ ಸರ್ಕಾರ ಶೇ. 14ರ ಪಾಲು ಕಟ್ಟುವುದು ನಿಲ್ಲುತ್ತದೆ. ಈ ಬಜೆಟ್‌ನಲ್ಲಿ ಅದು ಉಳಿತಾಯ. 2006ರಲ್ಲಿ ಮೂವತ್ತರ ವಯಸ್ಸಿಗೆ ಸೇರಿದವರು ಅರವತ್ತು ತುಂಬಿ ನಿವೃತ್ತರಾಗುವುದು 2036ಕ್ಕೆ. ಬಿಲ್ ಬರುವುದು ಆಗ. ಹಳೆಯದಕ್ಕೆ ಮರಳಿದರೆ ರಾಜ್ಯಗಳ ಮೇಲಿನ ಒಟ್ಟು ಹೊರೆ ಎನ್‌ಪಿಎಸ್‌ಗಿಂತ 4.5 ಪಟ್ಟಿನವರೆಗೆ ಹೋಗಬಹುದು ಎಂದು ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ ಬುಲೆಟಿನ್‌ನಲ್ಲಿ ಬಂದ ಲೇಖನದ ಅಂದಾಜು.

ಬಾದಾಮಿ ಮಾಸ್ತರ

ಬಿಲ್ಲು ಬರತೈತಿ ಅನ್ನೋದು ಒಪ್ಪಿದೆ. ಆದ್ರ ಎನ್‌ಪಿಎಸ್‌ನಾಗ ಕೈಗೆ ಬರೋದೆಷ್ಟು ಅನ್ನೋದನ್ನೂ ಬರೀಬೇಕಲ್ರಿ ಸರ. ಕಡೀ ತಿಂಗಳ ಮೂಲ ವೇತನ 60,000 ಅಂತ ಹಿಡೀತೀನಿ.

ಹಳೆ ಪಿಂಚಣಿ: ಅರ್ಧ, ಅಂದ್ರ 30,000. ಅದಕ್ಕ 2025ರ ಜುಲೈನ ತುಟ್ಟಿಭತ್ಯೆ 14.25 ಕೂಡಿಸಿದ್ರ 34,275. ನೌಕರ ಪಿಂಚಣಿಗಂತ ಒಂದು ಪೈ ಕಟ್ಟಿರಂಗಿಲ್ಲ.

ಎನ್‌ಪಿಎಸ್: ಮೂಲ ವೇತನ, ತುಟ್ಟಿಭತ್ಯೆ ಕೂಡಿ 68,550. ಅದರ ಶೇ. 10, ಅಂದ್ರ 6,855 ನೌಕರಂದು. ಶೇ. 14, ಅಂದ್ರ 9,597 ಸರ್ಕಾರದ್ದು. ನಿವೃತ್ತಿ ಹೊತ್ತಿಗೆ 50 ಲಕ್ಷ ಕೂಡಿತು ಅಂತ ಹಿಡೀರಿ. ಶೇ. 60 ಅಂದ್ರ 30 ಲಕ್ಷ ಕೈಗೆ ಕೊಡ್ತಾರ. ಉಳದ 20 ಲಕ್ಷಕ್ಕ ವರ್ಷಾಶನ (ಗಂಟು ಕೊಟ್ಟು ತಿಂಗಳ ತಿಂಗಳ ರೊಕ್ಕ ಪಡೆಯೋ ಯೋಜನೆ) ಕೊಳ್ಳಾಕಬೇಕು. ಶೇ. 6.5 ಸಿಕ್ರ ತಿಂಗಳಿಗೆ 10,833. ಎಲ್ಲಿ 34 ಸಾವಿರ, ಎಲ್ಲಿ 10 ಸಾವಿರ? 34,275 ಬರಬೇಕಂದ್ರ ವರ್ಷಾಶನಕ್ಕ 63 ಲಕ್ಷಕ್ಕೂ ಹೆಚ್ಚು ಹಾಕಬೇಕಾಗತೈತಿ.

ಗುಮ್ಮಟದ ನೆರಳು (ವಿಜಯಪುರ)

ಮಾಸ್ತರೇ, 30 ಲಕ್ಷವನ್ನು ಗಾಳಿಗೆ ಬಿಟ್ಟಿರಿ. ಐವತ್ತು ಲಕ್ಷವನ್ನೂ ಅದೇ ದರದಲ್ಲಿ ಹಾಕಿದರೆ ತಿಂಗಳಿಗೆ 27,083 ಬರುತ್ತದೆ. ಹೋಲಿಸುವಾಗ ಎರಡೂ ತಕ್ಕಡಿಯಲ್ಲಿ ಪೂರ್ತಿ ಮಾಲು ಇಡಬೇಕು.

ಬಾದಾಮಿ ಮಾಸ್ತರ

ಇಡೂಣ್ರಿ. ಇವತ್ತು 27,083, ಹದಿನೈದು ವರ್ಷದ ಮ್ಯಾಲೂ 27,083. ವರ್ಷಾಶನಕ್ಕ ತುಟ್ಟಿಭತ್ಯೆ ಇಲ್ಲ, ಮುಂದಿನ ವೇತನ ಆಯೋಗನೂ ಇಲ್ಲ. ಹಳೆ ಪಿಂಚಣಿದಾರರಿಗೆ ಎರಡೂ ಅದಾವು; 7ನೇ ಆಯೋಗದಾಗ ಕನಿಷ್ಠ ಪಿಂಚಣಿ 8,500 ಇದ್ದದ್ದು 13,500 ಆತು. ಜೋಳದ ರೇಟು ನಿಂತಲ್ಲೆ ನಿಲ್ಲತೈತೇನು?

ಖಜಾನೆ ಕಾರಕೂನ (ಬೆಳಗಾವಿ)

ಇಬ್ಬರದ್ದೂ ಲೆಕ್ಕ ಸರಿ ಐತಿ, ಹಳೆ ಪಿಂಚಣಿ ಬಗ್ಗೆ ಒಂದು ತಿದ್ದುಪಡಿ. "ಅರ್ಧ" ಸಿಗೋದು ಪೂರ್ತಿ ಸೇವೆ ಆದವರಿಗಷ್ಟ. ಮೊದಲ 33 ವರ್ಷ ಬೇಕಿತ್ತು, ಈಗ 30. ಸೇವೆಯನ್ನ ಆರಾರು ತಿಂಗಳ ಘಟಕ ಮಾಡಿ ಎಣಿಸ್ತಾರ, 60 ಘಟಕ ಆದ್ರ ಪೂರ್ತಿ. ತಡಾ ಮಾಡಿ ಸೇರಿ 24 ವರ್ಷ ಮಾಡಿದವರಿಗೆ 48 ಘಟಕ. 30,000 ಅಲ್ಲ, 24,000. ಹತ್ತು ವರ್ಷ ತುಂಬದಿದ್ರ ಪಿಂಚಣಿನ ಇಲ್ಲ. ಮೂರರಾಗ ಒಂದು ಪಾಲು ಮಾರಾಟ ಮಾಡಿ ಗಂಟು ತಗೋಬಹುದು, ಆ ಪಾಲು 15 ವರ್ಷದ ಮ್ಯಾಲೆ ಮತ್ತ ಜೋಡಿ ಆಗತೈತಿ. ಕುಟುಂಬ ಪಿಂಚಣಿ ಮೂಲ ವೇತನದ ಶೇ. 30.

ಇನ್ನೊಂದು ನಡುದಾರಿ ಐತಿ, ಅದನ್ನ ಯಾರೂ ಎತ್ತಲಿಲ್ಲ. ಕೇಂದ್ರ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ, ಅಂದ್ರ ಯುಪಿಎಸ್ ತಂದೈತಿ. 25 ವರ್ಷ ಸೇವೆ ಆದವರಿಗೆ ಕಡೀ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, ಅದಕ್ಕ ತುಟ್ಟಿಭತ್ಯೆನೂ ಐತಿ. ನೌಕರ ಶೇ. 10 ಕಟ್ಟಬೇಕು, ಸರ್ಕಾರ 18.5. ಗುಮ್ಮಟದವರ "ನಿಧಿ ಇರಲಿ" ಅನ್ನೋ ಹಟಾನೂ ಉಳೀತೈತಿ, ಮಾಸ್ತರ "ತುಟ್ಟಿಭತ್ಯೆ ಇರಲಿ" ಅನ್ನೋ ಹಟಾನೂ. ರಾಜ್ಯಕ್ಕ 14 ಇದ್ದದ್ದು 18.5 ಆದ್ರ ಮತ್ತ ಬಿಲ್ಲು ಏರತೈತಿ. ಆದ್ರ ಅದು ಇವತ್ತ ಕಾಣೋ ಬಿಲ್ಲು, 2036ಕ್ಕ ಮುಚ್ಚಿಟ್ಟದ್ದಲ್ಲ. ನನಗ ಇದ ಸರಿ ಅನಸ್ತೈತಿ.

ಡಿಪೋ ಗೇಟ್ (ವಿಜಯಪುರ)

ನೀವೆಲ್ಲಾ ಮೂವತ್ತು ಸಾವಿರದ ಮ್ಯಾಲೆ ಜಗಳಾ ಮಾಡಾಕತ್ತೀರಿ. ಸಾರಿಗಿ ನೌಕರರನ್ನೂ ಮಂದಿ "ಸರ್ಕಾರಿ ನೌಕರರು" ಅಂತಾರ. ನಮಗ ಇಪಿಎಸ್-95, ಅಂದ್ರ ಪಿಎಫ್ ಜೋಡಿ ಬರೋ 1995ರ ಪೆನ್ಶನ್ ಯೋಜನೆ. ಪಗಾರ ಎಷ್ಟ ಇದ್ರೂ ಲೆಕ್ಕಕ್ಕ 15,000ದ ಮಿತಿ. ಸೂತ್ರ: 15,000 ಗುಣಿಸು ಸೇವೆ ಭಾಗಿಸು 70. ಇಪ್ಪತ್ತು ವರ್ಷ ದಾಟಿದ್ರ ಎರಡು ವರ್ಷ ಹೆಚ್ಚಿಗಿ ಕೂಡಿಸ್ತಾರ. ಮೂವತ್ತು ವರ್ಷ ಸ್ಟೇರಿಂಗ್ ತಿರುವಿದವನಿಗೆ 15,000 ಗುಣಿಸು 32 ಭಾಗಿಸು 70, ಬರೋದು ಹೆಚ್ಚಂದ್ರ 6,857. ತುಟ್ಟಿಭತ್ಯೆ ಸೊನ್ನೆ. ಪೆನ್ಶನ್ ಬಿಲ್ಲು ಭಾರ ಆತು ಅನ್ನೋರು ನಮ್ಮನ್ನ ಅದರಾಗ ಕೂಡಿಸಬ್ಯಾಡ್ರಿ.

ಮಲಪ್ರಭಾ ದಂಡೆ (ರಾಮದುರ್ಗ)

ವಿಷಯ ಸ್ವಲ್ಪ ಬ್ಯಾರೆ, ಕಾರಕೂನ ಸಾಹೇಬ್ರ. ಪೆನ್ಶನ್ ಇದ್ದವರಿಗೂ ನಿವೃತ್ತಿ ಆಗಿ ಆರು ತಿಂಗಳು, ವರ್ಷ ಅಂತ ತಡಾ ಆಗೋದ್ಯಾಕ? ಎಲ್ಲಾ ಆನ್‌ಲೈನ್ ಆಗೈತಿ ಅಂತೀರಿ.

ಖಜಾನೆ ಕಾರಕೂನ (ಬೆಳಗಾವಿ)

ಆನ್‌ಲೈನ್ ಆದದ್ದು ಬಿಲ್ಲು. ಸೇವಾ ಪುಸ್ತಕ ಇನ್ನೂ ಕೆಂಪು ರಟ್ಟಿನ ಪುಸ್ತಕಾನ. ಕಡತ ಕಚೇರಿಯಿಂದ ಮಹಾಲೇಖಪಾಲರ ಕಚೇರಿಗೆ ಹೋಗಿ, ಅಲ್ಲಿಂದ ಪಿಂಚಣಿ ಪಾವತಿ ಆದೇಶ ಖಜಾನೆಗೆ ಬರಬೇಕು. ವಾಪಸ್ ಬರೋದು ಬಹಳ ಸಲ ಇವ ಕಾರಣಕ್ಕ:

ಒಂದ್ಯಾವುದೋ ವರ್ಷ "ಸೇವೆ ಪರಿಶೀಲಿಸಲಾಗಿದೆ" ಅನ್ನೋ ಷರಾ ಇರೂದಿಲ್ಲ, ಇದ್ರೂ ಸಹಿ ಇರೂದಿಲ್ಲ. ವರ್ಗಾ ಆದ ಊರಾಗ ಹಿಂದಿನ ಕಚೇರಿಯ ಅಂತಿಮ ವೇತನ ಪತ್ರ ಅಂಟಿಸಿರೂದಿಲ್ಲ. ವೇತನ ರಹಿತ ರಜೆ ಹಾಕಿದ್ದು ರಜೆ ಲೆಕ್ಕದಾಗ ಐತಿ, ಸೇವೆಯ ಪುಟದಾಗ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕಾಲಮಿತಿ ಬಡ್ತಿ: ಹತ್ತು ವರ್ಷದ್ದೋ ಹದಿನೈದು ವರ್ಷದ್ದೋ ನಿಗದಿ ತಪ್ಪಿದ್ರ ಆ ತಪ್ಪು ಮುಂದಿನ ಪ್ರತಿ ವೇತನ ಆಯೋಗದಾಗ ಗುಣಾಕಾರ ಆಗಿ ಬರತೈತಿ. ಕಡೀ ವರ್ಷ ಸಿಕ್ಕಾಗ "ಹೆಚ್ಚುವರಿ ಪಾವತಿ ವಸೂಲಿ" ಅಂತ ಲಕ್ಷಗಟ್ಟಲೆ ಬರೀತಾರ. ಅದಕ್ಕ ಹೆದರಿ ಸಹಿ ಹಾಕಬ್ಯಾಡ್ರಿ. 'ಸಿ', 'ಡಿ' ಗ್ರೂಪಿನವರಿಂದ, ನಿವೃತ್ತರಿಂದ, ವರ್ಷದೊಳಗ ನಿವೃತ್ತಿ ಆಗೋರಿಂದ ಇಂಥಾ ವಸೂಲಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಾಗ ರಫೀಕ್ ಮಸೀಹ್ ಪ್ರಕರಣದಾಗ ಹೇಳೈತಿ. ನೌಕರ ಮೋಸ ಮಾಡಿ ತಗೊಂಡಿದ್ರ ಆ ಮಾತು ಬ್ಯಾರೆ.

ಮದ್ದು ಒಂದ: ನಿವೃತ್ತಿಗೆ ಎರಡು ವರ್ಷ ಇದ್ದಾಗನ ಸೇವಾ ಪುಸ್ತಕದ ಪ್ರತಿ ಪುಟದ ನಕಲು ತಗೊಂಡು, ಸೇರಿದ ದಿನದಿಂದ ವರ್ಷವಾರು ಪಟ್ಟಿ ಮಾಡಿ, ಬಿಟ್ಟ ವರ್ಷಕ್ಕ ಆ ಹಳೆ ಕಚೇರಿಯ ಪಗಾರ ಬಿಲ್ಲಿನ ಆಧಾರದ ಮ್ಯಾಲೆ ಷರಾ ಹಾಕಿಸ್ರಿ. ಹಳೆ ಬಿಲ್ಲು ಗೆದ್ದಲ ತಿಂದ ಮ್ಯಾಲೆ ಹ್ವಾದ್ರ ಏನೂ ಸಿಗೂದಿಲ್ಲ.

ಎನ್‌ಪಿಎಸ್‌ನವರು ಇದ ರೀತಿ ಪ್ರಾನ್ (ಎನ್‌ಪಿಎಸ್ ನಂಬರ್) ಖಾತೆಯ ವಿವರ ಪಟ್ಟಿ ತೆಗೆದು ಪಗಾರ ಚೀಟಿ ಜೋಡಿ ತಾಳೆ ನೋಡ್ರಿ. ವರ್ಗಾ ಆದ ತಿಂಗಳು, ಬಾಕಿ ವೇತನದ ಬಿಲ್ಲು, ಅಮಾನತು ತೆರವಾದ ತಿಂಗಳು, ಈ ಮೂರು ಕಡೆ ವಂತಿಗಿ ಬಿಟ್ಟುಹೋಗಿರತೈತಿ. ಹತ್ತು ವರ್ಷ ತಡಾ ಆಗಿ ಜಮಾ ಆದ್ರ ರೊಕ್ಕ ಬರಬಹುದು, ಹತ್ತು ವರ್ಷದ ಬೆಳವಣಿಗಿ ಬರೂದಿಲ್ಲ.

ಕೃಷ್ಣಾತೀರ (ಅಥಣಿ)

ಇದನ್ನ ಮ್ಯಾಲೆ ಅಂಟಿಸಿ ಇಡ್ರಿ ಯಾರಾದ್ರೂ. ಈಗ ನನ್ನ ಮೊದಲನೇ ಪ್ರಶ್ನೆ. ಜಿಲ್ಲಾ?

ಗುಮ್ಮಟದ ನೆರಳು (ವಿಜಯಪುರ)

ಹೊಸ ಕಚೇರಿ ಎಂದರೆ ಹೊಸ ಹುದ್ದೆ ಎಂದು ತಿಳಿಯಬೇಡಿ. ಆರ್ಥಿಕ ಇಲಾಖೆಯ ಸಹಮತಿ ಇಲ್ಲದೆ ಒಂದು ಹುದ್ದೆಯೂ ಹುಟ್ಟುವುದಿಲ್ಲ, ಆ ಇಲಾಖೆ ಸಾಮಾನ್ಯವಾಗಿ ಹೇಳುವುದು "ಇರುವ ಹುದ್ದೆಗಳನ್ನೇ ಸ್ಥಳಾಂತರಿಸಿ" ಎಂದು. ನಮ್ಮ ಜಿಲ್ಲೆಯಲ್ಲಿ ತಿಕೋಟಾ, ಬಬಲೇಶ್ವರ, ಆಲಮೇಲ, ಚಡಚಣ, ಕೊಲ್ಹಾರ, ನಿಡಗುಂದಿ, ತಾಳಿಕೋಟೆ, ದೇವರ ಹಿಪ್ಪರಗಿ ತಾಲ್ಲೂಕುಗಳಾದವು. ತಹಶೀಲ್ದಾರರ ಬೋರ್ಡು ಬೇಗ ಬಂತು, ಉಳಿದ ಇಲಾಖೆಗಳು ಒಂದೊಂದಾಗಿ, ಹಳೆ ತಾಲ್ಲೂಕಿನ ಸಿಬ್ಬಂದಿಯನ್ನೇ ಹಂಚಿಕೊಂಡು ಬರಬೇಕಾಯಿತು. ಮೊದಲು ಹತ್ತು ಜನ ಒಂದು ಕಡೆ ಇದ್ದರು, ಈಗ ಐದೈದು ಜನ ಎರಡು ಕಡೆ.

ಬಾದಾಮಿ ಮಾಸ್ತರ

ಒಂದು ಮಾತು ಸರ. 1997ರಾಗ ಬಾಗಲಕೋಟೆ ಬ್ಯಾರೆ ಆಗದಿದ್ರ ಇವತ್ತಿಗೂ ಜಮಖಂಡಿಯವರು ಒಂದು ಸಹಿಗೆ ವಿಜಯಪುರಕ್ಕ ಹೋಗಬೇಕಿತ್ತು. ಬೆಳಗಾವಿ 13,415 ಚದರ ಕಿ.ಮೀ., 2011ರ ಜನಗಣತಿಯೊಳಗ 47.79 ಲಕ್ಷ ಮಂದಿ. ಒಬ್ಬ ಡಿಸಿ. ಇದು ಸರ್ಕಾರ ದೊಡ್ಡದಾದದ್ದೇನು?

ಖಜಾನೆ ಕಾರಕೂನ (ಬೆಳಗಾವಿ)

ಅಥಣಿಯಿಂದ ಬೆಳಗಾವಿಗೆ 140 ಕಿ.ಮೀ. ಸುತ್ತ ಐತಿ, ಒಪ್ಪಿದೆ. ಆದ್ರ ಅಥಣಿ ರೈತ ವರ್ಷಕ್ಕ ಡಿಸಿ ಆಫೀಸಿಗೆ ಎಷ್ಟು ಸಲ ಹೋಗ್ತಾನ, ತಲಾಟಿ ಕಡೆ ಎಷ್ಟು ಸಲ? ಚಿಕ್ಕೋಡಿಯೊಳಗ ಎಸಿ (ಉಪವಿಭಾಗಾಧಿಕಾರಿ) ಕಚೇರಿ ಮೊದಲ ಐತಿ, ಶೈಕ್ಷಣಿಕ ಜಿಲ್ಲಾನೂ ಮೊದಲ ಐತಿ. ಎರಡು ಜಿಲ್ಲಾಡಳಿತ ಭವನದ ರೊಕ್ಕದಾಗ ಮೊದಲ ಇರೋ ವೃತ್ತಗಳಿಗೆ ತಲಾಟಿ, ಭೂಮಾಪಕರನ್ನ ತುಂಬ್ರಿ. ಮೋಜಣಿ ಅರ್ಜಿ ಕೊಳೆಯೋದು ಭೂಮಾಪಕ ಇಲ್ಲಂತ, ಡಿಸಿ ದೂರ ಅದಾರಂತಲ್ಲ.

ನೇಮಕಾತಿ ಬ್ಯಾರೆ ತೊಡಕು. ಒಳಮೀಸಲಾತಿ ತೀರ್ಮಾನ ಆಗೋತನಕ ಹೊಸ ಅಧಿಸೂಚನೆ ಬ್ಯಾಡ ಅಂತ 2024ರ ಅಕ್ಟೋಬರ್‌ನಾಗ ನಿಂತದ್ದು, ಒಂದು ವರ್ಷದ ನೇಮಕ ನುಂಗಿತು. ಕಲ್ಯಾಣ ಕರ್ನಾಟಕಕ್ಕ 371(ಜೆ) ಮೀಸಲಾತಿ ಐತಿ, ನಮ್ಮ ಮೂರೂ ಜಿಲ್ಲಾ ಅದರ ಹೊರಗ. ಇಲ್ಲಿ ಹುದ್ದೆ ಪಡೆದು, ನಾಲ್ಕು ವರ್ಷಕ್ಕ ವರ್ಗಾ ಮಾಡಿಸಿಕೊಂಡು ತೆಂಕಣಕ್ಕ ಹೋಗೋರು ಬಹಳ.

ಕೃಷ್ಣಾತೀರ (ಅಥಣಿ)

ಅಂದ್ರ ಮ್ಯಾಲೆ ಕತ್ತರಿ, ಕೆಳಗ ಭರ್ತಿ ಅಂತೀರಿ. ಒಪ್ಪಿಗಿ. ಆದ್ರ ತಲಾಟಿ ಒಬ್ಬನ್ನ ತಗೊಂಡ್ರ ಎಷ್ಟು ಬೀಳತೈತಿ, ಅದನ್ನೂ ಹೇಳಿ ಮುಗಸ್ರಿ.

ಟೆಂಡರ್ ಲೆಕ್ಕ (ಬಾಗಲಕೋಟೆ, ನವನಗರ)

ಅವರ ಶ್ರೇಣಿ 34,100ರಿಂದ ಸುರು ಅಂತ ಹಿಡದ್ರ: ತುಟ್ಟಿಭತ್ಯೆ 4,859, ಬಾಡಿಗೆ ಭತ್ಯೆ 2,558, ಎನ್‌ಪಿಎಸ್ ಪಾಲು 5,454. ತಿಂಗಳಿಗೆ 46,970 ಸುತ್ತ, ವರ್ಷಕ್ಕ 5.6 ಲಕ್ಷ ದಾಟತೈತಿ. ನೂರು ಮಂದಿಗೆ 5.6 ಕೋಟಿ ಚಿಲ್ಲರ. ಪ್ರಯಾಣ ಭತ್ಯೆ ಹಿಡದಿಲ್ಲ.

ಖಜಾನೆ ಕಾರಕೂನ (ಬೆಳಗಾವಿ)

ಮೊದಲ ಎರಡು ವರ್ಷ ಪರೀಕ್ಷಾರ್ಥ ಅವಧಿ, ವಾರ್ಷಿಕ ಬಡ್ತಿನೂ ಹಿಡೀಬೇಕು. ಬಾಕಿ ಲೆಕ್ಕ ಬರೋಬ್ಬರಿ.